ನಿಮ್ಮ ಹೆಸರೇನು?

ಹೋದ ವರ್ಷ ನನಗೆ ಹರ್ನಿಯಾದ ಶಸ್ತ್ರಚಿಕಿತ್ಸೆಯಾಯಿತು. ಶಸ್ತ್ರಚಿಕಿತ್ಸೆ ಎಂದರೆ ದೊಡ್ಡ ಮಾತಾಯಿತು. ಡಾಕ್ಟರು ಅದನ್ನು ಹೇಳಿದ ಧಾಟಿ ಹರಿದ ಅಂಗಿಗೆ ತೇಪೆ ಹಾಕಿಸುವ ವಿಷಯ ಹೇಳಿದ ಹಾಗಿತ್ತು. ಮೂರು ದಿನ ಆಸ್ಪತ್ರೆಯಲ್ಲಿದ್ದೆ. ಆ ಮೂರು ದಿನಗಳಲ್ಲಿ ನೋವಿಗಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಒಂದು ಪ್ರಶ್ನೆ: "ನಿಮ್ಮ ಹೆಸರೇನು ಸರ್?" ಮಾತ್ರೆ ಕೊಡಲು ಬಂದವಳೂ ಇದನ್ನೇ ಕೇಳಿದಳು, ಸೂಜಿ ಚುಚ್ಚಲು ಬಂದವಳೂ ಇದನ್ನೇ ಕೇಳಿದಳು, ರಕ್ತ ತೆಗೆಯಲು ಬಂದ ಹುಡುಗನೂ ಇದನ್ನೇ ಕೇಳಿದ. ಬೆಳಿಗ್ಗೆ ಕೇಳಿದವಳೇ ಮಧ್ಯಾಹ್ನ ಮತ್ತೆ ಕೇಳಿದಳು. ಇಪ್ಪತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವನಿಗೆ, ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಹಳೆಯ ಶಿಷ್ಯರು ನಾಲ್ಕು ಜನರಾದರೂ ನಮಸ್ಕಾರ ಮಾಡುತ್ತಾರೆಂಬ ಸಣ್ಣದೊಂದು ಜಂಬ ಇಲ್ಲದಿಲ್ಲ. ಆ ಜಂಬವೆಲ್ಲ ಮೂರೇ ದಿನದಲ್ಲಿ ಇಳಿದುಹೋಯಿತು.

ಅವರಲ್ಲೊಬ್ಬಳಂತೂ ನನ್ನ ಶಿಷ್ಯೆಯೇ. "ಪಿ.ಯು.ಸಿ.ಯಲ್ಲಿ ನಮಗೆ ಕನ್ನಡ ಪಾಠ ಮಾಡಿದ್ದಿರಿ ಸರ್" ಎಂದು ಬಲು ಸಂತೋಷದಿಂದ ಮಾತನಾಡಿಸಿದಳು, ಕಾಲೇಜಿನ ವಿಷಯ, ಹಳೆಯ ಗೆಳತಿಯರ ವಿಷಯ ಎಲ್ಲ ಮಾತಾಡಿದಳು. ಆಮೇಲೆ ತಟ್ಟೆಯಲ್ಲಿದ್ದ ಸೂಜಿಯನ್ನು ಕೈಗೆತ್ತಿಕೊಂಡು, "ಈಗ ನಿಮ್ಮ ಹೆಸರು ಪೂರ್ತಿಯಾಗಿ ಹೇಳಿ ಸರ್" ಎಂದಳು.

"ನಿನಗೆ ಗೊತ್ತಲ್ಲಮ್ಮ!"

"ಗೊತ್ತು ಸರ್. ಆದರೂ ನೀವೇ ಹೇಳಬೇಕು."

ಪಕ್ಕದಲ್ಲಿ ಕುಳಿತಿದ್ದ ನನ್ನ ಹೆಂಡತಿ ಮುಸಿಮುಸಿ ನಕ್ಕಳು. ನನಗೆ ಆಗ ನಾಚಿಕೆಯಾಯಿತು. ಯಾಕೆಂದರೆ, ಈ ಪ್ರಶ್ನೆಯ ಬೆಲೆ ತಿಳಿಯದವನು ಯಾರಾದರೂ ಸಿಡುಕಬಹುದಾಗಿತ್ತು. ನಾನು ಸಿಡುಕುವ ಹಾಗಿರಲಿಲ್ಲ. ಅದರ ಬೆಲೆಯೆಷ್ಟೆಂಬುದನ್ನು ೨೦೧೯ರ ಮಳೆಗಾಲದ ಒಂದು ರಾತ್ರಿ ನಾನು ಕಣ್ಣಾರೆ ಕಂಡಿದ್ದೆ.

ನನ್ನ ತಂಗಿಯ ಮಗಳು ಬಿ.ಎಸ್ಸಿ. ನರ್ಸಿಂಗ್ ಓದುವಾಗ ನಾಲ್ಕು ವರ್ಷವೂ ನಮ್ಮ ಮನೆಯಲ್ಲೇ ಇದ್ದಳು. ಹೊಳೆನರಸೀಪುರದ ಕಡೆಯ ಹಳ್ಳಿಯ ಹುಡುಗಿ. ಹೆಚ್ಚು ಮಾತಿಲ್ಲ, ಕೆಲಸ ಅಚ್ಚುಕಟ್ಟು. ಮೊದಲ ವರ್ಷ ಅವರ ಕಾಲೇಜಿನಲ್ಲಿ ದೀಪ ಹಚ್ಚುವ ಸಮಾರಂಭಕ್ಕೆ ನಾವೂ ಹೋಗಿದ್ದೆವು. ಬಿಳಿಯ ಉಡುಪಿನ ಹುಡುಗಿಯರೂ ನಾಲ್ಕಾರು ಹುಡುಗರೂ ಕೈಯಲ್ಲಿ ದೀಪ ಹಿಡಿದು ಸಾಲಾಗಿ ನಿಂತು, ನೈಟಿಂಗೇಲಳ ಹೆಸರಿನ ಪ್ರತಿಜ್ಞೆಯನ್ನು ಹೇಳಿದರು. ಆ ಪ್ರತಿಜ್ಞೆಯನ್ನು ಬರೆದವಳು ನೈಟಿಂಗೇಲ್ ಅಲ್ಲ. ೧೮೯೩ರಲ್ಲಿ ಅಮೆರಿಕದ ಡೆಟ್ರಾಯಿಟ್ ಊರಿನಲ್ಲಿ ಲಿಸ್ಟ್ರಾ ಗ್ರೆಟರ್ ಎಂಬಾಕೆ ಮತ್ತು ಆಕೆಯ ಜೊತೆಯವರು ರಚಿಸಿದ್ದು. ಕೆಡುಕು ಮಾಡುವ ಔಷಧವನ್ನು ತಿಳಿದೂ ತಿಳಿದೂ ಕೊಡುವುದಿಲ್ಲ ಎಂಬ ಅರ್ಥದ ಮಾತೊಂದು ಅದರಲ್ಲಿದೆ. ಕೇಳುವಾಗ ನನಗೆ ಮೆಚ್ಚಿಗೆಯಾಗಿತ್ತು. ತಿಳಿಯದೆ ಕೊಟ್ಟರೆ ಏನು ಮಾಡಬೇಕು ಎಂಬ ಬಗ್ಗೆ ಅಂದು ಯಾರೂ ಏನೂ ಹೇಳಿದ ನೆನಪಿಲ್ಲ.

ಪಠ್ಯಪುಸ್ತಕದಲ್ಲಿ ನಾವು ದಾದಿ ಎನ್ನುತ್ತೇವೆ, ಶುಶ್ರೂಷಕಿ ಎನ್ನುತ್ತೇವೆ; ವಾರ್ಡಿನ ಮುದುಕಿಯರು ಅವಳನ್ನು ಮೊದಲ ದಿನದಿಂದಲೇ "ನರ್ಸಮ್ಮ" ಎಂದು ಕರೆದುಬಿಟ್ಟರು. ಹತ್ತೊಂಬತ್ತು ವರ್ಷದ ಹುಡುಗಿ, ಕಲಿಯಲು ಬಂದವಳು, ಎಂಬುದು ಆ ಮುದುಕಿಯರಿಗೆ ಹೇಗೆ ತಿಳಿಯಬೇಕು? ಬಿಳಿಯ ಉಡುಪು ಎಲ್ಲರದ್ದೂ ಒಂದೇ. ಒಂದು ಕಾಲೇಜಿನ ಕೊಠಡಿಯಲ್ಲಿ ತಪ್ಪು ಉತ್ತರ ಹೇಳಿದ ಹುಡುಗನನ್ನು ನಾನು "ಕೂತುಕೋ" ಎನ್ನುತ್ತೇನೆ. ತಪ್ಪು ಅಲ್ಲಿಗೆ ಮುಗಿಯಿತು. ಇವರ ಕಲಿಕೆ ಹಾಗಲ್ಲ. ಇವರ ಕರಿಹಲಗೆ ಜೀವವಿರುವ ಮನುಷ್ಯ.

ರಾತ್ರಿ ಊಟವಾದ ಮೇಲೆ ಅಡಿಗೆಮನೆಯ ಮೇಜಿನ ಮೇಲೆ ಅವಳು ಪುಸ್ತಕ ಹರಡಿಕೊಂಡು ಕೂರುತ್ತಿದ್ದಳು. ಔಷಧ ಕೊಡುವ ಮುನ್ನ ಐದು ವಿಷಯ ಸರಿಯಿರಬೇಕೆಂದು ಬೆರಳು ಮಡಿಚಿ ಬಾಯಿಪಾಠ ಮಾಡುತ್ತಿದ್ದಳು: ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಹೊತ್ತು. ಯಾರಿಗೆ, ಏನನ್ನು, ಎಷ್ಟು, ಹೇಗೆ, ಯಾವಾಗ. "ಇದು ನಮ್ಮ ವಿಭಕ್ತಿಪ್ರತ್ಯಯಗಳ ಹಾಗೇ ಇದೆಯಲ್ಲೇ" ಎಂದು ನಾನು ನಗುತ್ತಿದ್ದೆ. ನನ್ನ ವಿದ್ಯಾರ್ಥಿಗಳು ಚತುರ್ಥಿಯ ಕಡೆ ದ್ವಿತೀಯೆ ಹಾಕಿದರೆ ಅರ್ಧ ಅಂಕ ಹೋಗುತ್ತದೆ, ಅಷ್ಟೆ.

ಅವಳ ಪಾಠದಲ್ಲಿ ನನಗೆ ಬಲು ಹಿಡಿಸಿದ್ದು ಸೊನ್ನೆಯ ವಿಷಯ. ನಮ್ಮ ಕನ್ನಡದಲ್ಲಿ ಸೊನ್ನೆ ಅಂಕಿಯೂ ಹೌದು, ಅಕ್ಷರವೂ ಹೌದು. ಅದು ಬಿಟ್ಟುಹೋದರೆ "ಕಂಬ" ಕಬವಾಗುತ್ತದೆ, ಓದುವವನು ನಕ್ಕು ಸರಿಪಡಿಸಿಕೊಳ್ಳುತ್ತಾನೆ. ಔಷಧದ ಚೀಟಿಯಲ್ಲಿ ನಗುವುದಕ್ಕೆ ಅವಕಾಶವಿಲ್ಲ. ಅರ್ಧ ಮಿಲಿಗ್ರಾಂ ಎಂದು ಬರೆಯುವಾಗ ಬಿಂದುವಿನ ಹಿಂದೆ ಸೊನ್ನೆ ಇರಲೇಬೇಕಂತೆ. ಇಲ್ಲದಿದ್ದರೆ ಬಿಂದು ಕಣ್ಣು ತಪ್ಪಿ ಅರ್ಧ ಹೋಗಿ ಐದಾಗುತ್ತದೆ. ಒಂದು ಮಿಲಿಗ್ರಾಂ ಎಂದು ಬರೆಯುವಾಗ ಮಾತ್ರ ಒಂದರ ಮುಂದೆ ಬಿಂದು ಸೊನ್ನೆ ಕೂಡದಂತೆ. ಬಿಂದು ಮಸುಕಾದರೆ ಅದು ಹತ್ತಾಗುತ್ತದೆ. ಇನ್ಸುಲಿನ್ ಬರೆಯುವಾಗ ಯೂನಿಟ್ ಎಂದು ಪೂರ್ತಿ ಬರೆಯದೆ ಇಂಗ್ಲಿಷಿನ ಯು ಅಕ್ಷರವೊಂದನ್ನೇ ಗೀಚಿದರೆ ಅದನ್ನೂ ಸೊನ್ನೆಯೆಂದು ಓದಿದವರುಂಟಂತೆ. ಆಗ ಹತ್ತು ನೂರಾಗುತ್ತದೆ. ಇನ್ನು ಹೆಸರುಗಳ ಗೋಜಲು ಬೇರೆ. ಡೋಪಮಿನ್, ಡೊಬುಟಮಿನ್: ಇವೆರಡನ್ನೂ ಬೇಗ ಬೇಗ ಹತ್ತು ಸಲ ಹೇಳಿ ನೋಡಿ.

ಪುಸ್ತಕದ ವಿಷಯ ಹಾಗಿರಲಿ, ನಮ್ಮ ಮನೆಯಲ್ಲೇ ಒಂದು ಪ್ರಸಂಗ ನಡೆಯಿತು. ನನ್ನ ತಾಯಿಗೆ ಸಕ್ಕರೆ ಕಾಯಿಲೆ. ದಿನಕ್ಕೆರಡು ಸಲ ಇನ್ಸುಲಿನ್. ಚುಚ್ಚುತ್ತಿದ್ದವನು ನಾನೇ. ಒಂದು ಸಲ ಅಂಗಡಿಯವನು ಕೆಂಪು ಮುಚ್ಚಳದ ಸಿರಿಂಜಿನ ಬದಲು ಕಿತ್ತಳೆ ಬಣ್ಣದ ಮುಚ್ಚಳದ್ದು ಕೊಟ್ಟ. ಬಣ್ಣದಲ್ಲೇನಿದೆ ಎಂದು ತಂದುಬಿಟ್ಟೆ. ಹುಡುಗಿ ನೋಡಿದವಳೇ ಕೈಯಿಂದ ಕಸಿದುಕೊಂಡಳು. ನಮ್ಮ ದೇಶದಲ್ಲಿ ಇನ್ಸುಲಿನ್ ಎರಡು ಬಗೆಯ ಸಾಂದ್ರತೆಯಲ್ಲಿ ಬರುತ್ತದೆ: ಮಿಲಿಲೀಟರಿಗೆ ೪೦ ಯೂನಿಟ್ಟಿನದು, ೧೦೦ ಯೂನಿಟ್ಟಿನದು. ಮೊದಲನೆಯದಕ್ಕೆ ಕೆಂಪು ಮುಚ್ಚಳದ ಸಿರಿಂಜು, ಎರಡನೆಯದಕ್ಕೆ ಕಿತ್ತಳೆಯದು. ನಮ್ಮ ಸೀಸೆ ೪೦ರದು. ಕಿತ್ತಳೆ ಮುಚ್ಚಳದ ಸಿರಿಂಜಿನಲ್ಲಿ ಇಪ್ಪತ್ತರ ಗೆರೆಯವರೆಗೆ ಎಳೆದರೆ ತಾಯಿಗೆ ಸೇರುತ್ತಿದ್ದುದು ಎಂಟೇ ಯೂನಿಟ್ಟು. "ಇದು ಕಡಮೆಯಾಗೋ ತಪ್ಪು ಮಾವ. ಉಲ್ಟಾ ಆಗಿದ್ದರೆ, ನೂರರ ಸೀಸೆಗೆ ಕೆಂಪು ಮುಚ್ಚಳದ್ದು ಹಾಕಿದ್ದರೆ, ಇಪ್ಪತ್ತರ ಕಡೆ ಐವತ್ತು ಹೋಗುತ್ತಿತ್ತು" ಎಂದಳು. ಎಂ.ಎ. ಮಾಡಿದವನು ನಾನು. ಅಂದಿನಿಂದ ಚುಚ್ಚುವ ಕೆಲಸ ಅವಳಿಗೇ ಹೋಯಿತು.

ಇಂಥ ಹುಡುಗಿ ಮೂರನೆಯ ವರ್ಷದಲ್ಲಿ ತಪ್ಪು ಮಾಡಿದಳು.

ಅಂದು ಮಧ್ಯಾಹ್ನದ ಪಾಳಿ. ರಾತ್ರಿ ಎಂಟೂವರೆಗೆ ಮನೆಗೆ ಬಂದಳು. ತಟ್ಟೆ ಹಾಕಿದರೂ ಬರಲಿಲ್ಲ. ಉಡುಪಿನ ಜೇಬಿನಿಂದ ಒಂದು ಚೀಟಿ ತೆಗೆದು ದೀಪದ ಕೆಳಗೆ ಹಿಡಿದು ನೋಡುತ್ತ ನಿಂತಿದ್ದಳು. ನನ್ನ ಹೆಂಡತಿ ಎರಡು ಸಲ ಕರೆದ ಮೇಲೆ ಬಂದು, ಊಟಕ್ಕೆ ಕೂರದೆ, ನನ್ನ ಮುಂದೆ ನಿಂತಳು.

"ಮಾವ, ನಾನೊಂದು ತಪ್ಪು ಮಾಡಿದೀನಿ ಅಂತ ಕಾಣುತ್ತೆ."

ವಾರ್ಡಿನಲ್ಲಿ ಒಂದೇ ಹೆಸರಿನವರು ಇಬ್ಬರಿದ್ದರು. ಹೆಸರನ್ನು ಬದಲಾಯಿಸಿದ್ದೇನೆ, ಲಕ್ಷ್ಮಮ್ಮ ಎಂದಿಟ್ಟುಕೊಳ್ಳಿ. ಒಬ್ಬಾಕೆ ಸಕ್ಕರೆ ಕಾಯಿಲೆಯವಳು, ಹನ್ನೊಂದನೆಯ ಮಂಚ. ಇನ್ನೊಬ್ಬಾಕೆ ಎಪ್ಪತ್ತು ದಾಟಿದ ಮುದುಕಿ, ಕಾಲಿನ ಹುಣ್ಣಿಗೆ ಸೇರಿದ್ದವಳು, ಹದಿನೇಳನೆಯ ಮಂಚ. ಹನ್ನೊಂದರ ಮೇಲಿನ ಫ್ಯಾನು ಕೆಟ್ಟಿತ್ತು. ಸಕ್ಕರೆ ಕಾಯಿಲೆಯಾಕೆ ಸೆಖೆ ಎಂದು ಗೊಣಗಿದಳು, ಮುದುಕಿ ಚಳಿಯಾಗುತ್ತದೆಂದಳು, ಮಧ್ಯಾಹ್ನ ಇಬ್ಬರ ಕಡೆಯವರೂ ತಮ್ಮ ತಮ್ಮಲ್ಲೇ ಒಪ್ಪಂದ ಮಾಡಿಕೊಂಡು ಮಂಚ ಬದಲಾಯಿಸಿಕೊಂಡುಬಿಟ್ಟರು. ರೈಲಿನಲ್ಲಿ ಕಿಟಕಿಯ ಪಕ್ಕದ ಜಾಗ ಬದಲಾಯಿಸಿಕೊಳ್ಳುವುದಿಲ್ಲವೆ, ಹಾಗೆ. ಸಂಜೆ ಊಟಕ್ಕೆ ಮುಂಚಿನ ಮಾತ್ರೆಗಳನ್ನು ಸಿಸ್ಟರ್ ಬಟ್ಟಲುಗಳಲ್ಲಿ ಹಾಕಿಟ್ಟು, "ಇದು ಹನ್ನೊಂದರ ಲಕ್ಷ್ಮಮ್ಮನಿಗೆ" ಎಂದು ಹುಡುಗಿಯ ಕೈಗೆ ಕೊಟ್ಟರು. ಹಾಕಿದವರೇ ಕೊಡಬೇಕು ಎಂಬುದು ಪುಸ್ತಕದ ನಿಯಮ. ಆದರೆ ನಲವತ್ತು ರೋಗಿಗಳಿಗೆ ಅಂದು ಇದ್ದವರು ಒಬ್ಬರೇ ಸಿಸ್ಟರ್, ಜೊತೆಗೆ ಮೂವರು ವಿದ್ಯಾರ್ಥಿನಿಯರು.

ಹುಡುಗಿ ಹನ್ನೊಂದನೆಯ ಮಂಚಕ್ಕೆ ಹೋಗಿ, "ನೀವು ಲಕ್ಷ್ಮಮ್ಮ ತಾನೆ?" ಎಂದು ಕೇಳಿದಳು.

"ಹೂಂ" ಎಂದಳು ಮುದುಕಿ.

ನಮ್ಮ ಹೂಂಕಾರದ ಮೇಲೆಯೇ ಒಂದು ಪ್ರಬಂಧ ಬರೆಯಬಹುದು. ಕಿವಿ ಕೇಳದಿದ್ದರೂ ಹೂಂ, ಅರ್ಥವಾಗದಿದ್ದರೂ ಹೂಂ, ದೊಡ್ಡವರ ಮುಂದೆ ಹೂಂ, ಬಿಳಿಯ ಉಡುಪಿನ ಮುಂದಂತೂ ಹೂಂ ಬಿಟ್ಟು ಬೇರೆ ಮಾತೇ ಇಲ್ಲ. ಇಲ್ಲಿ ಮುದುಕಿಯ ಹೂಂ ಸುಳ್ಳೂ ಆಗಿರಲಿಲ್ಲ, ಪಾಪ. ಅವಳ ಹೆಸರು ಲಕ್ಷ್ಮಮ್ಮನೇ. ತಂದೆಯ ಹೆಸರೋ ಗಂಡನ ಹೆಸರೋ ಊರಿನ ಹೆಸರೋ ಕೇಳಿದ್ದರೆ, ಕೇಸ್ ಶೀಟನ್ನು ಎದುರಿಗಿಟ್ಟುಕೊಂಡು ನೋಡಿದ್ದರೆ, ಗೊತ್ತಾಗುತ್ತಿತ್ತು. ಕೈಗೆ ಹೆಸರಿನ ಪಟ್ಟಿ ಕಟ್ಟುವ ಪದ್ಧತಿ ಆ ಆಸ್ಪತ್ರೆಯಲ್ಲಿರಲಿಲ್ಲ. ಸಕ್ಕರೆ ಇಳಿಸುವ ಮಾತ್ರೆ ಸಕ್ಕರೆ ಕಾಯಿಲೆಯಿಲ್ಲದ ಮುದುಕಿಯ ಹೊಟ್ಟೆ ಸೇರಿತು. ಮನೆಗೆ ಬರುವಾಗ ಬಸ್ಸಿನಲ್ಲಿ, ಸಕ್ಕರೆ ಕಾಯಿಲೆಯ ಲಕ್ಷ್ಮಮ್ಮ ದಪ್ಪ ಕನ್ನಡಕದವಳು, ಮಾತ್ರೆ ನುಂಗಿದಾಕೆಗೆ ಕನ್ನಡಕವಿರಲಿಲ್ಲ ಎಂಬುದು ಹುಡುಗಿಗೆ ಹೊಳೆಯಿತು.

ಈಗ ನಾನು ಹೇಳಿದ್ದನ್ನು ಬರೆಯಬೇಕು. ಬರೆಯುವುದಕ್ಕೆ ಕೈ ಬರುವುದಿಲ್ಲ.

"ಒಂದು ಮಾತ್ರೆ ತಾನೆ?" ಎಂದೆ. "ಒಂದು ಮಾತ್ರೆಗೆ ಏನಾಗುತ್ತೆ? ನಿನ್ನ ಅನುಮಾನವೇ ತಪ್ಪಿರಬಹುದು. ಈಗ ಹೋಗಿ ಹೇಳಿದರೆ ನಿನ್ನ ಗತಿಯೇನು? ಮೂರನೆಯ ವರ್ಷ. ನಿನ್ನ ಅಪ್ಪ ಸಾಲ ಮಾಡಿ ಫೀಸು ಕಟ್ಟಿದಾನೆ. ಬೆಳಿಗ್ಗೆ ಹೋಗಿ ನೋಡು. ಆಕೆ ಚೆನ್ನಾಗಿದ್ದರೆ ಆಯಿತು."

ಅವಳು ಎದುರು ಮಾತಾಡುವವಳಲ್ಲ. ಅಂದು ಆಡಿದಳು. "ಮಾತ್ರೆ ರಾತ್ರಿಯೆಲ್ಲ ಕೆಲಸ ಮಾಡುತ್ತೆ ಮಾವ. ವಯಸ್ಸಾದವರಿಗೆ ಇನ್ನೂ ಹೊತ್ತು. ಸಕ್ಕರೆ ಇಳಿದು ಎಚ್ಚರ ತಪ್ಪಿದರೆ, ನಿದ್ದೆ ಮಾಡ್ತಿದಾರೆ ಅಂತ ಎಲ್ಲರೂ ಸುಮ್ಮನಿರ್ತಾರೆ."

ವಾರ್ಡಿನ ಫೋನು ಬಾರಿಸುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ನನ್ನ ಹೆಂಡತಿ ಒಳಗಿನಿಂದ ಸ್ಕೂಟರಿನ ಬೀಗದ ಕೈ ತಂದು ನನ್ನ ಮುಂದೆ ಹಿಡಿದಳು. ಮಾತೇನೂ ಆಡಲಿಲ್ಲ.

ಹತ್ತು ನಿಮಿಷದ ದಾರಿ. ಜಡಿಮಳೆ. ದಾರಿಯುದ್ದಕ್ಕೂ ನಾನು ಏನೋ ಹೇಳುತ್ತಲೇ ಇದ್ದೆ. ಪುಣ್ಯಕ್ಕೆ ಮಳೆಯ ಸದ್ದಿನಲ್ಲಿ ಅವಳಿಗೆ ಕೇಳಿಸಿರಲಾರದು. ಹೆಂಗಸರ ವಾರ್ಡು, ನಾನು ಬಾಗಿಲ ಹೊರಗೆ ನಿಂತೆ. ರಾತ್ರಿ ಪಾಳಿಯ ಸಿಸ್ಟರ್ ಐವತ್ತರ ಹೆಂಗಸು. ಹುಡುಗಿ ಅಳುತ್ತ ಹೇಳತೊಡಗಿದಳು. ಆಕೆ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ, "ಯಾವ ಬೆಡ್ಡು? ಎಷ್ಟು ಹೊತ್ತಿಗೆ ಕೊಟ್ಟೆ?" ಎಂದು ಎರಡೇ ಪ್ರಶ್ನೆ ಕೇಳಿ, ಸಕ್ಕರೆ ನೋಡುವ ಯಂತ್ರ ತೆಗೆದುಕೊಂಡು ಸರಸರನೆ ನಡೆದರು. ಮುದುಕಿ ಬೆವೆತು ಒದ್ದೆಯಾಗಿದ್ದಳು. ಪಕ್ಕದಲ್ಲಿದ್ದ ಸೊಸೆ, ಫ್ಯಾನು ಕೆಟ್ಟದ್ದಕ್ಕೆ ಸೆಖೆಯಾಗಿದೆಯೆಂದುಕೊಂಡು ಸೆರಗಿನಿಂದ ಗಾಳಿ ಹಾಕುತ್ತಿದ್ದಳು. ಮಳೆ ಸುರಿಯುವ ರಾತ್ರಿ ಅದು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ ೪೮. ಎಪ್ಪತ್ತಕ್ಕಿಂತ ಕೆಳಗಿಳಿದರೆ ಕಡಮೆಯಾಯಿತೆಂದೇ ಲೆಕ್ಕ.

ಸಕ್ಕರೆ ನೀರು ಕುಡಿಸಿದರು, ಡಾಕ್ಟರು ಬಂದರು, ಗ್ಲೂಕೋಸಿನ ಬಾಟಲಿ ಏರಿತು. ಅರ್ಧ ಗಂಟೆಯಲ್ಲಿ ಮುದುಕಿ ಕಣ್ಣು ಬಿಟ್ಟು ಕಾಫಿ ಕೇಳಿದಳು. ಮುಗಿಯಿತೆಂದು ನಾನು ಏಳಹೊರಟೆ. ಮುಗಿದಿರಲಿಲ್ಲ. ರಾತ್ರಿ ಎರಡು ಗಂಟೆಗೆ ಸಕ್ಕರೆ ಮತ್ತೆ ಇಳಿಯಿತು. ಆ ಜಾತಿಯ ಮಾತ್ರೆಯ ಗುಣವೇ ಅದಂತೆ. ಒಮ್ಮೆ ಏರಿಸಿದರೆ ಸಾಲದು, ಬೆಳತನಕ ಕಾಯಬೇಕು. ಗಂಟೆಗೊಮ್ಮೆ ಬೆರಳು ಚುಚ್ಚಿ ನೋಡಿದರು. ನಾನು ಹೊರಗಿನ ಕಲ್ಲುಬೆಂಚಿನ ಮೇಲೆ ಕುಳಿತಿದ್ದೆ. "ಬೆಳಿಗ್ಗೆ ಹೋಗಿ ನೋಡು" ಎಂದವನು ನಾನು. ಬೆಳಗಾಗುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂಬುದು ಆ ಬೆಂಚಿನ ಮೇಲೆ ಗೊತ್ತಾಯಿತು.

ಆಮೇಲೆ ಆ ವಿಷಯವಾಗಿ ಸಿಕ್ಕಿದ್ದನ್ನೆಲ್ಲ ಓದಿದೆ. ೧೯೯೯ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಹೊರತಂದ ವರದಿಯ ಪ್ರಕಾರ ಆ ದೇಶದ ಆಸ್ಪತ್ರೆಗಳಲ್ಲಿ ವೈದ್ಯಕೀಯ ತಪ್ಪುಗಳಿಂದ ವರ್ಷಕ್ಕೆ ೪೪,೦೦೦ದಿಂದ ೯೮,೦೦೦ ಜನ ಸಾಯುತ್ತಿದ್ದರು. ಅಷ್ಟು ಹಣ, ಅಷ್ಟು ಯಂತ್ರಗಳಿರುವ ದೇಶ. ತಪ್ಪು ಮಾಡುವವರು ಕೆಟ್ಟವರಲ್ಲ, ತಪ್ಪಿಗೆ ದಾರಿ ಬಿಡುವ ವ್ಯವಸ್ಥೆ ಕೆಟ್ಟದ್ದು ಎಂಬುದು ಆ ವರದಿಯ ವಾದ. ಜೇಮ್ಸ್ ರೀಸನ್ ಎಂಬ ಇಂಗ್ಲಿಷ್ ಮನಶ್ಶಾಸ್ತ್ರಜ್ಞ ಇದನ್ನು ತೂತಿರುವ ಗಿಣ್ಣಿನ ಹಲ್ಲೆಗಳಿಗೆ ಹೋಲಿಸಿದ್ದಾನೆ. ಅವನ ಗಿಣ್ಣು ನಮಗೆ ಬೇಡ, ನಮ್ಮಲ್ಲಿ ದೋಸೆಯಿದೆ. ಎಲ್ಲರ ಮನೆ ದೋಸೆಯೂ ತೂತೇ ಎಂದು ನಮ್ಮವರು ಎಂದೋ ಹೇಳಿಬಿಟ್ಟಿದ್ದಾರೆ. ನಾಲ್ಕಾರು ದೋಸೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಒಂದರ ತೂತನ್ನು ಇನ್ನೊಂದು ಮುಚ್ಚುತ್ತದೆ. ಚಟ್ನಿ ಕೆಳಗೆ ಸೋರುವುದಿಲ್ಲ. ಎಂದೋ ಒಂದು ದಿನ ಎಲ್ಲ ತೂತುಗಳೂ ಒಂದೇ ಗೆರೆಯಲ್ಲಿ ಬಂದು ನಿಲ್ಲುತ್ತವೆ. ಕೆಟ್ಟ ಫ್ಯಾನು ಒಂದು ತೂತು, ಒಂದೇ ಹೆಸರು ಒಂದು ತೂತು, ಹಾಕಿದವರೊಬ್ಬರು ಕೊಟ್ಟವರೊಬ್ಬರು ಆದದ್ದು ಒಂದು ತೂತು, ಕೈಗೆ ಪಟ್ಟಿಯಿಲ್ಲದ್ದು ಒಂದು, ಮುದುಕಿಯ ಹೂಂ ಒಂದು. ಕಟ್ಟಕಡೆಯ ದೋಸೆ ನಮ್ಮ ಹುಡುಗಿ. ಚಟ್ನಿ ಸೋರಿದ್ದು ಅವಳ ಮೂಲಕವೇ ಆದ್ದರಿಂದ ಎಲ್ಲರ ಕಣ್ಣೂ ಅವಳ ಮೇಲೆ. ಹಾಗೆಂದು ಅವಳ ತೂತು ತೂತಲ್ಲವೆಂದು ನಾನು ಹೇಳಲಾರೆ. ಅವಳೂ ಹೇಳಲಿಲ್ಲ.

ಮರುದಿನ ಡಾಕ್ಟರು ಮುದುಕಿಯ ಮಗನನ್ನು ಕರೆದು ನಡೆದದ್ದನ್ನು ಹೇಳಿದರು. ಆತ ಕೂಗಾಡಿದ. ಈ ಹುಡುಗಿ ನನ್ನ ತಾಯಿಯನ್ನು ಮುಟ್ಟಕೂಡದೆಂದ. ಅವನ ಜಾಗದಲ್ಲಿದ್ದಿದ್ದರೆ ನಾನೂ ಹಾಗೆಯೇ ಹೇಳುತ್ತಿದ್ದೆ. ಹುಡುಗಿಯನ್ನು ಬೇರೆ ವಾರ್ಡಿಗೆ ಹಾಕಿದರು. ಕಾಲೇಜಿನವರು ವಿವರಣೆ ಬರೆದುಕೊಡು ಎಂದರು. ಮಂಚ ಬದಲಾದದ್ದರಿಂದ ಹಿಡಿದು ಎಲ್ಲವನ್ನೂ ಕ್ರಮವಾಗಿ ಎರಡು ಪುಟ ಬರೆದಳು. ಇಷ್ಟೆಲ್ಲ ಬೇಡ, "ನನ್ನ ಅಜಾಗರೂಕತೆಯಿಂದಾಯಿತು, ಇನ್ನು ಮುಂದೆ ಹೀಗೆ ಮಾಡುವುದಿಲ್ಲ" ಎಂದು ನಾಲ್ಕು ಸಾಲು ಬರೆದು ಕೊಡು ಎಂದು ಹಿಂದಕ್ಕೆ ಕೊಟ್ಟರು. ಅವರಿಗೆ ಬೇಕಾಗಿದ್ದುದು ನಡೆದ ಸಂಗತಿಯಲ್ಲ, ಕ್ಷಮಾಪಣೆ. ನಾಲ್ಕು ಸಾಲು ಫೈಲು ಸೇರಿತು. ಬಟ್ಟಲಿಗೆ ಮಾತ್ರೆ ಹಾಕಿಕೊಟ್ಟಿದ್ದ ಸಿಸ್ಟರಿಗೂ ಬೈಗುಳವಾಯಿತು. ಆಕೆ ಆಮೇಲೆ ನಮ್ಮ ಹುಡುಗಿಯನ್ನು ಮಾತನಾಡಿಸಲಿಲ್ಲ. ಹುಡುಗಿಗೆ ಹೆಚ್ಚು ನೋವಾದದ್ದು ಅದು. ರಾತ್ರಿ ಪಾಳಿಯ ಆ ಹಿರಿಯ ಸಿಸ್ಟರ್ ಮಾತ್ರ, ಯಾರ ಅಪ್ಪಣೆಗೂ ಕಾಯದೆ, ದಪ್ಪ ಕಾಗದದ ಮೇಲೆ "ಈ ಹೆಸರಿನವರು ಇನ್ನೊಬ್ಬರಿದ್ದಾರೆ" ಎಂದು ಕೆಂಪು ಶಾಯಿಯಲ್ಲಿ ಬರೆದು ಅಂಥವರ ಮಂಚಕ್ಕೆ ದಾರದಿಂದ ಕಟ್ಟತೊಡಗಿದರಂತೆ.

ತಪ್ಪು ಒಪ್ಪಿಕೊಂಡವರನ್ನು ಲೋಕ ಹೇಗೆ ನಡೆಸಿಕೊಳ್ಳುತ್ತದೆಂಬುದು ಸಣ್ಣ ವಿಷಯವಲ್ಲ. ೨೦೧೭ರಲ್ಲಿ ಅಮೆರಿಕದ ಟೆನೆಸಿ ರಾಜ್ಯದಲ್ಲಿ ಒಬ್ಬ ನರ್ಸು ಮನಸ್ಸನ್ನು ಶಾಂತಗೊಳಿಸುವ ಔಷಧವೆಂದು ತಿಳಿದು ಸ್ನಾಯುಗಳನ್ನೇ ನಿಶ್ಚಲಗೊಳಿಸುವ ಔಷಧ ಕೊಟ್ಟಳು, ರೋಗಿ ತೀರಿಕೊಂಡಳು. ಬೀರುವಿನ ಯಂತ್ರದಲ್ಲಿ ಹೆಸರಿನ ಮೊದಲೆರಡು ಅಕ್ಷರ ಒತ್ತಿದ್ದಕ್ಕೆ ಅದೇ ಅಕ್ಷರಗಳ ಬೇರೆ ಔಷಧ ಹೊರಗೆ ಬಂದಿತ್ತು. ನರ್ಸು ತಪ್ಪನ್ನು ಮುಚ್ಚಿಡಲಿಲ್ಲ. ೨೦೨೨ರಲ್ಲಿ ನ್ಯಾಯಾಲಯ ಅವಳನ್ನು ಅಪರಾಧಿಯೆಂದಿತು. ಮೂರು ವರ್ಷ ನಿಗಾವಣೆಯ ಶಿಕ್ಷೆಯಾಯಿತು. ಈ ಸುದ್ದಿಯನ್ನು ನನಗೆ ಹೇಳಿದವಳು ನಮ್ಮ ಹುಡುಗಿಯೇ. ಅವಳ ಜೊತೆಯಲ್ಲಿ ಓದಿದವರೆಲ್ಲರ ಫೋನಿನಲ್ಲೂ ಅದು ಹರಿದಾಡಿತ್ತಂತೆ. "ಇದನ್ನು ಓದಿದ ಮೇಲೆ ಆ ರಾತ್ರಿ ಬಂದಿದ್ದರೆ ನೀನು ಹೋಗಿ ಹೇಳುತ್ತಿದ್ದೆಯಾ?" ಎಂದು ಕೇಳಿದೆ. ಬಹಳ ಹೊತ್ತು ಯೋಚಿಸಿ, "ಹೇಳ್ತಿದ್ದೆ. ಆದರೆ ಊಟ ಮಾಡಿ ಹೋಗ್ತಿದ್ದೆನೋ ಏನೋ" ಎಂದಳು.

ಅವಳೀಗ ಬೇರೊಂದು ಊರಿನಲ್ಲಿ ಕೆಲಸದಲ್ಲಿದ್ದಾಳೆ. ಅವಳ ಕೈಕೆಳಗೂ ವಿದ್ಯಾರ್ಥಿನಿಯರು ಬರುತ್ತಾರೆ. "ನೀವು ಲಕ್ಷ್ಮಮ್ಮ ತಾನೆ?" ಎಂದು ಕೇಳುವವರನ್ನು ಅಲ್ಲೇ ತಡೆದು, "ನಿಮ್ಮ ಹೆಸರೇನು?" ಎಂದು ಕೇಳಿಸುತ್ತಾಳಂತೆ. ಹೂಂ ಎಂದು ತಲೆಯಾಡಿಸಿ ಉತ್ತರ ಕೊಡಲಾಗದ ಪ್ರಶ್ನೆ ಅದು.

ಆ ಬೆಳಗಿನ ಒಂದು ಸಂಗತಿ ಉಳಿಯಿತು. ಆರು ಗಂಟೆಗೆ ಮುಂಚೆ ಹುಡುಗಿ ಹೊರಗೆ ಬಂದಳು. ಗೇಟಿನ ಬಳಿ ಟೀ ಮಾರುವವನಿಂದ ಎರಡು ಲೋಟ ತಂದೆ. ಅವಳನ್ನು ಸಮಾಧಾನಪಡಿಸಬೇಕೆಂದೋ, ನನ್ನ ಸಲಹೆಗೆ ಸಮಜಾಯಿಷಿ ಕೊಡಬೇಕೆಂದೋ, ಯಾರಿಗೂ ಹೇಳದಿದ್ದ ಒಂದು ಮಾತನ್ನು ಹೇಳಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬೆಂಗಳೂರಿನಲ್ಲಿ ಪಿ.ಯು.ಸಿ. ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ಹೋಗಿದ್ದೆ. ಒಂದು ಸಂಜೆ ಕಂತೆ ಒಪ್ಪಿಸಿ ಲಾಡ್ಜಿಗೆ ಬಂದು ಮಲಗಿದಾಗ, ಒಂದು ಪತ್ರಿಕೆಯ ಒಳಪುಟದ ಹತ್ತು ಅಂಕಗಳನ್ನು ಮೊತ್ತಕ್ಕೆ ಸೇರಿಸಲಿಲ್ಲವೆಂದು ನೆನಪಾಯಿತು. ಮುಖಪುಟದಲ್ಲಿ ೩೧ ಎಂದು ಬರೆದಿದ್ದೆ. ಪಾಸಾಗಲು ಆಗ ೩೫ ಬೇಕಿತ್ತು. ಬೆಳಿಗ್ಗೆ ಹೋಗಿ ಹೇಳಿದರೆ ಮುಖ್ಯ ಪರೀಕ್ಷಕರು ಎಲ್ಲರ ಮುಂದೆ ಏನೆನ್ನುವರೋ ಎಂದು ಹೆದರಿದೆ. ಪರಿಶೀಲಿಸುವವರು ಹಿಡಿಯುತ್ತಾರೆ, ಇಲ್ಲದಿದ್ದರೆ ಹುಡುಗನೇ ಮರುಎಣಿಕೆಗೆ ಹಾಕಿಕೊಳ್ಳುತ್ತಾನೆ ಎಂದು ಹೇಳಿಕೊಂಡು ಸುಮ್ಮನಾದೆ. ಹಿಡಿದರೋ ಇಲ್ಲವೋ, ಹಾಕಿಕೊಂಡನೋ ಇಲ್ಲವೋ.

ಹುಡುಗಿ ಟೀ ಕುಡಿಯುತ್ತ ಕೇಳಿದಳು. "ಆ ಹುಡುಗನ ನಂಬರ್ ಬರೆದಿಟ್ಟುಕೊಂಡಿದ್ದಿರಾ ಮಾವ?"

"ಇಲ್ಲ" ಎಂದೆ.

ಅವಳು ಏನೂ ಅನ್ನಲಿಲ್ಲ. ಲೋಟ ಕೆಳಗಿಟ್ಟು, ಆರು ಗಂಟೆಯ ಸಕ್ಕರೆ ನೋಡುವ ಹೊತ್ತಾಯಿತೆಂದು ಒಳಗೆ ಹೋದಳು.